ಸೊಸೆಯ ಬೀರುವಿನಲ್ಲಿ ತಾತನ ನಳಿಗೆ

ಚುನಾವಣೆ ಮುಗಿದಿತ್ತು. ಅದಕ್ಕೆಂದು ಪೊಲೀಸ್ ಠಾಣೆಗೆ ಒಪ್ಪಿಸಿದ್ದ ಕೋವಿಗಳನ್ನು ಅವರವರು ವಾಪಸ್ ಒಯ್ಯಬಹುದೆಂದು ಹನಗೋಡಿಗೆ ಸುದ್ದಿ ಬಂದ ದಿನ, ಸಣ್ಣಯ್ಯನವರು ಹೊಗೆಸೊಪ್ಪಿನ ಹೊಲಕ್ಕೂ ಹೋಗದೆ ಬಿಳಿ ಪಂಚೆ ಉಟ್ಟು ಹೊರಟರು. ಸೊಸೆ ರೂಪಶ್ರೀ ಕೈಕೆಲಸ ಬಿಟ್ಟು ಬಾಗಿಲಿಗೆ ಬಂದಳು.

ಕೋವಿ ಸಣ್ಣಯ್ಯನವರ ತಾತನದು. ಕಾಡುಹಂದಿಗಳಿಂದ ಬೆಳೆ ಕಾಯಲು ಲೈಸೆನ್ಸ್ ಮಾಡಿಸಿ ತಂದದ್ದು. ಅಪ್ಪನ ಕಾಲಕ್ಕೇ ಅದರ ಸದ್ದು ಅಡಗಿತ್ತು. ಮನೆಯಲ್ಲಿ ಸಿಡಿಸಲು ಒಂದು ತೋಟಾ ಕೂಡ ಇರಲಿಲ್ಲ. ಆದರೂ ಸಣ್ಣಯ್ಯ ವಾರಕ್ಕೊಮ್ಮೆ ಅದನ್ನು ಬಿಚ್ಚಿ ಎಣ್ಣೆ ಹಚ್ಚಿ ಒರೆಸುತ್ತಿದ್ದರು. ನನ್ನ ಬೆನ್ನಿಗೆ ಒಂದು ದಿನ ಎಣ್ಣೆ ತಿಕ್ಕಿದ್ದುಂಟೇ ಎಂದು ಹೆಂಡತಿ ಕೆಂಪಾಜಮ್ಮ ಹಂಗಿಸುತ್ತಿದ್ದರು. ಆಯುಧಪೂಜೆಯಲ್ಲಿ ಟ್ರ್ಯಾಕ್ಟರಿಗಿಂತ ಮೊದಲು ಕುಂಕುಮ ಬೀಳುತ್ತಿದ್ದುದು ಆ ಕೋವಿಗೇ.

ಮೈಸೂರಿನಲ್ಲಿ ಓದಿ ಬೆಳೆದ ರೂಪಶ್ರೀ ಕೋವಿ ಠಾಣೆಯಲ್ಲಿದ್ದಷ್ಟು ದಿನ ಕಣ್ತುಂಬ ನಿದ್ದೆ ಮಾಡಿದ್ದಳು. ಈಗ ಮಗ ಚಿನ್ನುವಿಗೆ ಕಾಲು ಬಂದಿದೆ. ಸ್ಟೂಲು ಎಳೆದುಕೊಂಡು ಹೋಗಿ ಗೂಟದಲ್ಲಿದ್ದದ್ದನ್ನೆಲ್ಲ ಕೆಡವುತ್ತಾನೆ. ತೋಟಾ ಇಲ್ಲವೆಂದು ಗಂಡ ಎಷ್ಟು ಹೇಳಿದರೂ, ಯಾವುದೋ ಡಬ್ಬಿಯಲ್ಲಿ ಒಂದು ಉಳಿದುಬಿಟ್ಟಿದ್ದರೆ?

"ಮಾವ, ಅದನ್ನ ಅಲ್ಲೇ ಬಿಟ್ಬಿಡಿ. ನನಗೆ ಭಯ ಆಗುತ್ತೆ."

ಸಣ್ಣಯ್ಯ ಚಪ್ಪಲಿ ಮೆಟ್ಟಿ ಬಸ್ಸಿಗೆ ಹೋದರು.

ಸಂಜೆ ಕೋವಿಯೊಂದಿಗೇ ಬಂದರು. ಇಷ್ಟು ದಿನ ಎಣ್ಣೆ ಕಾಣದೆ ಅದರ ಕಬ್ಬಿಣದ ನಳಿಗೆ ಕಂದುಗಟ್ಟಿತ್ತು. ಜಗಲಿಯಲ್ಲಿ ಕೂತು ಉಜ್ಜುತ್ತ, ಜ್ವರ ಬಂದ ಮಗುವನ್ನು ಮುಟ್ಟಿ ನೋಡುವವರಂತೆ ಮತ್ತೆ ಮತ್ತೆ ಅಂಗೈಯಿಟ್ಟು ನೋಡಿದರು. ಜಗಳಕ್ಕೆಂದೇ ಹೊರಬಂದಿದ್ದ ರೂಪಶ್ರೀ ಬಾಗಿಲಲ್ಲೇ ನಿಂತಳು. ಆದರೂ ಚಿನ್ನುವನ್ನು ಕಂಕುಳಿನಿಂದ ಇಳಿಸಲಿಲ್ಲ.

ಕೊನೆಗೆ ಸಣ್ಣಯ್ಯ ನಳಿಗೆಯನ್ನು ಹಿಡಿಯಿಂದ ಬಿಚ್ಚಿ ಬಟ್ಟೆಯಲ್ಲಿ ಸುತ್ತಿ ಅವಳ ಮುಂದೆ ಹಿಡಿದರು. "ಇದ ನಿನ್ ಬೀರುಲಿ ಮಡಿಕೊ ಕಣವ್ವ. ಬೀಗದ ಕೈಯೂ ನಿನ್ನತ್ರನೇ ಇರ್ಲಿ. ಮರದ ಹಿಡಿ ನನ್ ಕೋಣೇಲಿರ್ತದೆ."

"ಹಬ್ಬಕ್ಕೆ?"

"ನಿನ್ನೇ ಕೇಳ್ತೀನಿ. ಕೊಟ್ರೆ ಜೋಡುಸ್ತೀನಿ."

"ಸರ್ಕಾರದ್ ಠಾಣೆಯಿಂದ ಬುಡುಸ್ಕಂಡು ಸೊಸೆ ಠಾಣೆಗೆ ಹಾಕುದ್ರು," ಎಂದರು ಕೆಂಪಾಜಮ್ಮ.

ಒಂದು ವಾರ ಕಳೆಯಿತು. ಎಣ್ಣೆ ಬಟ್ಟೆ ಹಿಡಿದು ಸಣ್ಣಯ್ಯ ಅವಳ ಕೋಣೆಯ ಹೊಸ್ತಿಲಾಚೆ ನಿಂತಿದ್ದರು. ರೂಪಶ್ರೀ ಮಗುವನ್ನು ಅತ್ತೆಯ ಕೈಗಿಟ್ಟು ಬೀರು ತೆಗೆದಳು. ನಳಿಗೆಯನ್ನು ಮಾವನಿಗೆ ಕೊಟ್ಟು, ಅವರು ಒರೆಸಿ ಮುಗಿಸುವವರೆಗೂ ಎದುರಿಗೇ ಕೂತಿದ್ದಳು.