ಕರಿ ಕಾರಿಗೆ ಎಣ್ಣೆಸ್ನಾನ

ಆಗ ನನಗೆ ಅರವತ್ತೇಳು. ಮೂರು ವರ್ಷದ ಹಿಂದಿನ ಮಾತು. ಅಬುಧಾಬಿಯ ಮೊಹಮ್ಮದ್ ಬಿನ್ ಜಾಯೆದ್ ಸಿಟಿಯಲ್ಲಿ ಮಗಳ ಮನೆಯಲ್ಲಿದ್ದೆ. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು. ಆದರೂ ನನಗೆ ತಿಳಿಯದ್ದು ಲೋಕದಲ್ಲಿ ಏನೂ ಇಲ್ಲ ಎಂದು ನಂಬಿದ್ದೆ.

ಅಳಿಯನ ಹತ್ತಿರ ಹಳೆಯ ಅಮೆರಿಕನ್ ಕಾರೊಂದಿತ್ತು. ಕರಿ ಬಣ್ಣ, ದೋಣಿಯಷ್ಟು ಉದ್ದ. ನೋಡಲಿಕ್ಕೆ ಪಿಂಚಣಿದಾರರ ಗಾಡಿ, ಇಲ್ಲವೇ ಟ್ಯಾಕ್ಸಿ. ಒಳಗೆ ಮಾತ್ರ ಎಂಟು ಸಿಲಿಂಡರಿನ ಎಂಜಿನ್. ಸ್ಟಾರ್ಟ್ ಮಾಡಿದರೆ ಅಡುಗೆಮನೆಯ ಡಬ್ಬಗಳು ಗಡಗಡ ಎನ್ನುತ್ತಿದ್ದವು. ಓಟದ ಕಾರು ಓಟದ ಕಾರಿನ ಹಾಗೆ ಕಾಣಬೇಕಲ್ಲ. ಕಾಣದ್ದಕ್ಕೆ ಯಾರೂ ಕೊಳ್ಳಲಿಲ್ಲವಂತೆ, ಕಂಪನಿಯವರು ಬೇಗನೇ ಮಾಡುವುದನ್ನೂ ನಿಲ್ಲಿಸಿದರಂತೆ. ಪಕ್ಕದ ವಿಲ್ಲಾದ ಮಂಗಳೂರಿನವನು ಅಳಿಯನನ್ನು ಕಂಡಾಗಲೆಲ್ಲ ಕೇಳುತ್ತಿದ್ದ: "ಭಾವಾ, ಏರ್‌ಪೋರ್ಟಿಗೆ ಎಷ್ಟು ತಗೊಳ್ತೀರಿ?"

ದುಬೈಯಲ್ಲಿ ಹಳೆ ಅಮೆರಿಕನ್ ಕಾರುಗಳನ್ನು ಸಾಲಾಗಿ ನಿಲ್ಲಿಸಿ ಜನರಿಗೆ ತೋರಿಸುವ ಕೂಟವೊಂದಿತ್ತು. ಇದು ಟ್ಯಾಕ್ಸಿ ಎಂದು ಅವರು ಎರಡು ಸಲ ಬೇಡವೆಂದಿದ್ದರು. ಮೂರನೇ ಸಲ ಕಾಗದಪತ್ರದಲ್ಲಿ ಎಂಜಿನ್ ಯಾವುದೆಂದು ನೋಡಿ, ಭಾನುವಾರ ಬೆಳಿಗ್ಗೆ ತನ್ನಿ ಎಂದರು. ಅಳಿಯ ಆ ವಾರವಿಡೀ ಊಟದ ತಟ್ಟೆಯೆದುರು ಒಬ್ಬನೇ ನಗುತ್ತಿದ್ದ.

ಶನಿವಾರ ಮಧ್ಯಾಹ್ನ ಅವನು ಕೆಲಸದಲ್ಲಿದ್ದ. ಅಂಗಳದಲ್ಲಿ ಕಾರು ಮಂಕಾಗಿ ಕಂಡಿತು. ನಮ್ಮಲ್ಲಿ ಕತ್ತಿ, ಕಾವಲಿ, ಕಬ್ಬಿಣದ್ದೆಲ್ಲ ತೆಂಗಿನೆಣ್ಣೆ ಹಚ್ಚಿದರೇ ಹೊಳೆಯುವುದು. ಕಾರೂ ಕಬ್ಬಿಣವೇ. ಊರಿಂದ ತಂದ ಎಣ್ಣೆಯನ್ನೆಲ್ಲ ಸುರಿದು, ಬಾಣಂತಿಗೆ ತಿಕ್ಕಿದ ಹಾಗೆ ತಿಕ್ಕಿದೆ. ಬಾಗಿಲ ಮೇಲೆ ನನ್ನ ಮುಖ ಕಂಡಿತು, ಚಂದವಾಗಿಯೇ ಕಂಡಿತು. ಅಲ್ಲೇ ಏನೋ ಎಡವಟ್ಟಾಗಿದೆ ಎಂದು ತಿಳಿಯಬೇಕಿತ್ತು.

ಒಳಗೆ ಹೋಗಿ ಸ್ವಲ್ಪ ಅಡ್ಡಾದೆ. ಗಾಳಿ ಎದ್ದಿತು. ಅಲ್ಲಿ ಗಾಳಿಯೆಂದರೆ ಮರಳು. ಬಂದು ನೋಡಿದರೆ ಕಾರು ರವೆ ಹಚ್ಚಿಟ್ಟ ಬಂಗುಡೆ ಮೀನು.

ಅಷ್ಟಕ್ಕೇ ಬಿಟ್ಟಿದ್ದರೆ ಬಚಾವಾಗುತ್ತಿದ್ದೆ. ಎಣ್ಣೆಜಿಡ್ಡಿಗೆ ಕಡ್ಲೆಹಿಟ್ಟೇ ಮದ್ದೆಂದು ಒಂದು ಪಾತ್ರೆ ಹಿಟ್ಟು ಕಲಸಿ, ಆ ಮರಳಿನ ಮೇಲೆಯೇ ಮತ್ತೆ ತಿಕ್ಕಿದೆ.

ಮೊಮ್ಮಗಳು ಬಾಗಿಲಲ್ಲಿ ನಿಂತು, "ಅಜ್ಜಿ, ಸ್ಟಾಪ್. ಯೂ ಆರ್ ಸ್ಕ್ರಾಚಿಂಗ್ ಇಟ್," ಎಂದಳು.

"ನಿನ್ನ ಅಮ್ಮನನ್ನೂ ಹೀಗೇ ತಿಕ್ಕಿದ್ದು. ಅವಳಿಗೆ ಎಂತ ಆಗಿದೆ?" ಎಂದೆ.

ಸಂಜೆ ಅಳಿಯ ಬಂದ. ಬಾನೆಟ್ಟನ್ನು ಬೆರಳಿಂದ ಮುಟ್ಟಿ ಮೂಸಿದ.

"ಅತ್ತೆ, ಇದಕ್ಕೆ ಎಂತ ಹಾಕಿದ್ರಿ?"

"ಎಣ್ಣೆ. ಮತ್ತೆ ಸ್ವಲ್ಪ ಕಡ್ಲೆಹಿಟ್ಟು."

"ನೀರುಳ್ಳಿ ಯಾಕೆ ಬಿಟ್ರಿ? ಬಜೆ ಕರೀಬಹುದಿತ್ತಲ್ಲ."

ನಗಲಿಕ್ಕೆ ಹೊರಟಿದ್ದೆ, ಅವನ ಮುಖ ನೋಡಿ ನಿಲ್ಲಿಸಿದೆ. ಸೋಪಿನ ನೀರಿಗೆ ಎಣ್ಣೆ ಹೋಯಿತು. ಗೀರುಗಳು ಹೋಗಲಿಲ್ಲ. ಬಾನೆಟ್ ತುಂಬ ನನ್ನ ಕೈ ತಿರುಗಿದ ಹಾಗೆ ಸುತ್ತು ಸುತ್ತು.

ಅವನು ಬಟ್ಟೆಯನ್ನು ಬಕೆಟ್ಟಿಗೆ ಎಸೆದ. "ಖಲಾಸ್. ನಾಳೆ ಹೋಗುದಿಲ್ಲ. ಇಷ್ಟು ದಿನ ಟ್ಯಾಕ್ಸಿ ಅಂತಿದ್ರು, ಈಗ ಕಜ್ಜಿ ಹಿಡಿದ ಟ್ಯಾಕ್ಸಿ ಅಂತಾರೆ."

ಮಗಳು ನನ್ನನ್ನೇ ನೋಡಿದಳು. ತಪ್ಪಾಯಿತು ಎನ್ನುವ ಅಭ್ಯಾಸ ನನಗೆ ಮೊದಲಿನಿಂದಲೂ ಇಲ್ಲ. ಆ ವಯಸ್ಸಿನಲ್ಲಿ ಶುರುಮಾಡಿದರೆ ಹಿಂದಿನದಕ್ಕೆಲ್ಲ ಹೇಳಬೇಕಾಗುತ್ತಿತ್ತು.

ಮರುದಿನ ಬೆಳಿಗ್ಗೆ ಐದಕ್ಕೆ ಎದ್ದು, ಮದುವೆಗೆ ಉಡುವ ಸೀರೆ ಉಟ್ಟು, ಕಾರಿನ ಮುಂದಿನ ಸೀಟಿನಲ್ಲಿ ಹೋಗಿ ಕುಳಿತೆ. ಅಳಿಯ ಹಲ್ಲುಜ್ಜುತ್ತ ಹೊರಬಂದ.

"ಎಲ್ಲಿಗೆ ಅತ್ತೆ?"

"ದುಬೈಗೆ. ಗೀರಿದ್ದು ಯಾರು ಅಂತ ಕೇಳಿದ್ರೆ ನನ್ನನ್ನು ತೋರಿಸು. ಯಲ್ಲಾ, ಬೇಗ ಬಾ."

ಅವನು ಬಾಯಿ ತೊಳೆಯಲು ಒಳಗೆ ಹೋದ. ನಾನು ಬೆಲ್ಟ್ ಕಟ್ಟಿಕೊಂಡೆ.