ಸಿಂಧನೂರಿಗೆ ಹೋಗಿ ಶರಣವ್ವನ ಮಾತು ಕೇಳಿದ್ದು

ಭಾನುವಾರ ಬೆಳಿಗ್ಗೆ ಲಿಂಗಸುಗೂರು ಬಿಡುವಾಗಲೇ ನನಗೆ ಸಾಕಾಗಿತ್ತು. ನಾನು ಇಲ್ಲಿನ ಕಚೇರಿಯೊಂದರಲ್ಲಿ ಅಧಿಕಾರಿ. ವಾರವಿಡೀ ಹುಕುಂ ಮಾಡುವುದೇ ಕೆಲಸ. ಬಸ್ಸಿನಲ್ಲಿ ಹೆಂಗಸರಿಗೆ ಟಿಕೀಟು ಪುಕ್ಕಟೆ, ಕೂರಲು ಜಾಗ ಮಾತ್ರ ಇಲ್ಲ. ಮಸ್ಕಿಯವರೆಗೂ ಕಂಬ ಹಿಡಿದು ನಿಂತೆ.

ಮಸ್ಕಿಯಲ್ಲಿ ಇಳಿದು ಹಸಿರು ಬಳೆ ಕೊಂಡೆ. ಬಳೆಗಾರ್ತಿ ಅಳತೆ ಕೇಳಿ ಹುಬ್ಬೇರಿಸಿದಳು. "ಇಷ್ಟು ದೊಡ್ಡ ಕೈ ಯಾರದವ್ವಾ?"

"ನಮ್ಮ ಗೆಳತೀದು," ಎಂದೆ. ಸುಳ್ಳೇನಲ್ಲ. ಸಿಂಧನೂರಿನ ಅಕ್ಕಿ ಗಿರಣಿಯಲ್ಲಿ ಮೇಸ್ತ್ರಿಯಾಗಿರುವ ಶರಣಪ್ಪ ನನ್ನೆದುರು ಬಳೆಯಿಟ್ಟು ಶರಣವ್ವ ಆಗುತ್ತಾನೆ. ಆಮೇಲೆ ಅವನು ನನಗೆ ಅವಳೇ. ಮಂಡಿಯೂರಿ ಕೂರುತ್ತಾಳೆ, ನಾನು ಕೈಗೆ ಹಗ್ಗ ಕಟ್ಟುತ್ತೇನೆ, ಹೇಳಿದ್ದನ್ನು ಮಾಡಿಸುತ್ತೇನೆ. ಇಬ್ಬರೂ ಒಪ್ಪಿ ಆಡುವ ಇಂಥ ಆಟಕ್ಕೆ ಇಂಗ್ಲಿಷಿನಲ್ಲಿ ಬಿಡಿಎಸ್‌ಎಂ ಎಂಬ ಹೆಸರಿದೆಯೆಂದು ನಮಗೆ ತಡವಾಗಿ ತಿಳಿಯಿತು. ಯಾರು 'ಸಾಕು' ಎಂದರೂ ಅಲ್ಲಿಗೆ ನಿಲ್ಲಿಸಬೇಕು ಎಂಬುದು ಇಬ್ಬರ ಕರಾರು. ಈಚೆಗೆ ಮಾತ್ರ ಅಲ್ಲೂ ಎಲ್ಲ ನಾನೇ ನಿರ್ಧರಿಸಬೇಕಲ್ಲ ಎಂದು ಬೇಸರ ಹತ್ತಿತ್ತು. ಇವತ್ತು ಪಾತ್ರ ಅದಲುಬದಲಾಗದಿದ್ದರೆ ಮತ್ತೆ ಹೋಗುವುದಿಲ್ಲ ಎಂದು ಗಟ್ಟಿ ಮಾಡಿಕೊಂಡಿದ್ದೆ.

ಬೇರೆ ಬಸ್ಸು ಹತ್ತಿ ಮಸ್ಕಿ ದಾಟಿದ ಮೇಲೆ ಕಾಲುವೆ ನೀರಿನ ಗದ್ದೆಗಳು ಬಂದವು. ನೋಡುವ ಉಮೇದು ನನಗಿರಲಿಲ್ಲ. ಸಿಂಧನೂರಿನ ಅವನ ಬಾಡಿಗೆ ಕೋಣೆಯಲ್ಲಿ ಜೋಳದ ರೊಟ್ಟಿ, ಪುಂಡಿಪಲ್ಯ ಉಂಡೆವು. ಹೊಸ ಬಳೆ ಇಟ್ಟುಕೊಂಡು ಶರಣವ್ವ ನೆಲಕ್ಕೆ ಕೂತಳು.

"ಇವತ್ತು ನೀ ನನಗ ಹುಕುಂ ಮಾಡಬೇಕು," ಎಂದೆ.

"ಆತ್ರಿ. ಏನಂತ ಮಾಡ್ಲಿ, ಹೇಳ್ರಿ."

ಹಣೆ ಚಚ್ಚಿಕೊಳ್ಳುವಂತಾಯಿತು. ಹುಕುಂ ಮಾಡೆಂಬುದೂ ನನ್ನದೇ ಹುಕುಂ ಆಗಿಹೋಗಿತ್ತು. "ಬಳಿ ತಗಿ. ಗಂಡಸಾಗಿ ಹೇಳು," ಎಂದು ರೇಗಿದೆ.

"ಸಾಕು," ಎಂದಳು. ಅವಳ ಬಾಯಲ್ಲಿ ಆ ಮಾತು ಬಂದದ್ದು ಅದೇ ಮೊದಲು. "ಬಳಿ ತಗದ್ರ ನಾ ಗಿರಣಿ ಶರಣಪ್ಪ ಆಕ್ಕೀನಿ. ಹಮಾಲರ ಮ್ಯಾಲೆ ಒದರಿ ಒದರಿ ಅವಂಗೂ ಬ್ಯಾಸರಾಗೇತ್ರಿ. ಹೇಳೋದಿದ್ರ ಶರಣವ್ವ ಆಗೇ ಹೇಳ್ತೀನಿ."

ಹುಕುಂ ಗಂಡಸಿನದೇ ಎಂದು ಹೆಣ್ಣಾದ ನಾನೂ ಅಂದುಕೊಂಡಿದ್ದೆನಲ್ಲ! ನಾಚಿಕೆಯಾಯಿತು. ಅವಳ ಎದುರು ನೆಲಕ್ಕೆ ಕೂತೆ. ಅವಳು ಎದ್ದು ನಿಂತಳು.

"ಫೋನ್ ಬಂದ್ ಮಾಡು. ಮನಿ ಮುಟ್ಟೂತನಕ ತಗೀಬ್ಯಾಡ. ಬಸ್ಸಿನ್ಯಾಗ ಕಣ್ಣು ಮುಚ್ಚಿ ಕುಂದ್ರು."

"ಆಫೀಸಿನವ್ರು ಫೋನ್ ಹಚ್ಚಿದ್ರ?"

"ನಿನ್ನ ಕೇಳಿಲ್ಲ ನಾ."

ಬಂದ್ ಮಾಡಿದೆ.

ಸಂಜೆಯ ಬಸ್ಸಿನಲ್ಲಿ ಕಿಟಕಿ ಪಕ್ಕ ಜಾಗ ಸಿಕ್ಕಿತು. ಕಣ್ಣು ಮುಚ್ಚಿದೆ. ಮಸ್ಕಿ ಯಾವಾಗ ಬಂದು ಹೋಯಿತೋ ತಿಳಿಯಲಿಲ್ಲ. ಲಿಂಗಸುಗೂರಿನಲ್ಲಿ ಕಂಡಕ್ಟರ್ ಬಂದು ತಟ್ಟಿ ಎಬ್ಬಿಸಬೇಕಾಯಿತು.