ಎರಡನೆಯ ಭಾಗದಲ್ಲಿಲ್ಲದ ಮುದುಕಿ

ಕಳೆದ ಭಾನುವಾರ ಈರಣ್ಣ ವಿಡಿಯೋ ಗೇಮಿನ ಹಳೆಯ ಕಂಟ್ರೋಲರನ್ನು ಬಿಚ್ಚಿ ಪತ್ರಿಕೆಯ ಹಾಳೆಯ ಮೇಲೆ ತಟ್ಟಿದಾಗ ಅದರೊಳಗಿಂದ ಬೂದಿ ಉದುರಿತು. ಧೂಳಲ್ಲ, ಬೂದಿಯೇ, ಆರಿದ ಒಲೆಯ ವಾಸನೆಯುಳ್ಳ, ಸೋಸಿದ, ನುಣ್ಣಗಿನ ಬೂದಿ. ಈರಣ್ಣ ನನ್ನ ಚಿಗವ್ವನ ಮಗ. ಗದಗಿನಲ್ಲಿ ಮೊಬೈಲ್ ರಿಪೇರಿಯ ಅಂಗಡಿ ಇಟ್ಟುಕೊಂಡವನಾದ್ದರಿಂದ ಯಂತ್ರಗಳ ಹೊಟ್ಟೆಯಲ್ಲಿ ಏನು ಸಿಕ್ಕರೂ ಆಶ್ಚರ್ಯಪಡುವುದಿಲ್ಲ.

"ನೀರಾಗ ಬಿದ್ದ ಫೋನ್ ನೋಡೀನಿ, ಸಾರಿನಾಗ ಬಿದ್ದದ್ದೂ ನೋಡೀನಿ ಅಕ್ಕಾ," ಎಂದ. "ವಿಭೂತಿ ಹಚ್ಚಿಕೊಂಡ ರಿಮೋಟ್ ನೋಡಿದ್ದು ಇದೊಂದ."

ಆ ಬೂದಿ ಎಲ್ಲಿಂದ ಬಂತೆಂದು ನನಗೆ ಗೊತ್ತು. ನಿಮಗೆ ಅದನ್ನು ಹೇಳಬೇಕಾದರೆ ಮೊದಲು ನಮ್ಮ ಬೆಟಗೇರಿಯ ಒಂದು ಕೆಲಸವನ್ನು ಹೇಳಬೇಕು. ಮಗ್ಗದ ಮೇಲಿನ ಹಾಸು, ಎಂದರೆ ಉದ್ದನೆಯ ಎಳೆಗಳು, ಮುಗಿಯುತ್ತ ಬಂದಾಗ ನೇಕಾರ ಅದನ್ನು ಕೊನೆಯವರೆಗೆ ನೇಯ್ದು ತೆಗೆಯುವುದಿಲ್ಲ. ಗೇಣುದ್ದ ಹಳೆಯ ಎಳೆಗಳನ್ನು ಮಗ್ಗದಲ್ಲಿಯೇ ಉಳಿಸುತ್ತಾನೆ. ಹೊಸ ಹಾಸಿನ ಒಂದೊಂದು ಎಳೆಯನ್ನೂ ಆ ಹಳೆಯ ಒಂದೊಂದು ಎಳೆಯ ತುದಿಗೆ ಹೊಸೆದು ಸೇರಿಸಬೇಕು. ಗಂಟು ಹಾಕುವಂತಿಲ್ಲ, ಗಂಟು ಹಣಿಗೆಯ ಹಲ್ಲುಗಳ ನಡುವೆ ಸಿಕ್ಕಿಕೊಳ್ಳುತ್ತದೆ. ಎಳೆ ಬೆರಳಿನಿಂದ ಜಾರದಿರಲೆಂದು ಹೆಬ್ಬೆರಳನ್ನೂ ತೋರುಬೆರಳನ್ನೂ ಬೂದಿಗೆ ಮುಟ್ಟಿಸಿ ಹೊಸೆಯುತ್ತಾರೆ. ಇದಕ್ಕೆ ಕೆಚ್ಚುವುದು ಎನ್ನುತ್ತೇವೆ. ಸಾವಿರಾರು ಎಳೆ, ಇಡೀ ದಿನದ ಕೆಲಸ. ಮಾಡುವವರು ಹೆಂಗಸರು. ನನ್ನ ತಾಯಿಯ ತಂಗಿಯಾದ ಚಿಗವ್ವ ನೀಲವ್ವ ನಮ್ಮ ಓಣಿಯ ಮಗ್ಗಗಳಿಗೆಲ್ಲ ನಲವತ್ತು ವರ್ಷ ಕೆಚ್ಚಿದವಳು. ಕೆಚ್ಚಲು ಕರೆದ ಮನೆಯವರು ಊಟ ಹಾಕುತ್ತಿದ್ದರು, ಚಹಾ ಕೊಡುತ್ತಿದ್ದರು, ಹಬ್ಬಕ್ಕೊಂದು ಕುಪ್ಪಸದ ಖಣ ಕೊಡುತ್ತಿದ್ದರು. ಕೂಲಿ ಎಂಬ ಮಾತನ್ನು ಯಾರೂ ಆಡುತ್ತಿರಲಿಲ್ಲ, ಏಕೆಂದರೆ ಅದನ್ನು ಯಾರೂ ಕೆಲಸವೆಂದು ಕರೆಯುತ್ತಿರಲಿಲ್ಲ.

ಚಿಗವ್ವನ ಮನೆಯ ಮಗ್ಗ ಹೋಗಿ ಬಹಳ ವರ್ಷಗಳಾದವು. ಮಗ್ಗದ ಕುಣಿಯನ್ನು ಮಣ್ಣಿನಿಂದ ತುಂಬಿಸಿ ಫರಸಿ ಕಲ್ಲು ಹಾಕಿಸಿದ್ದಾರೆ. ಅದೇ ಜಾಗದಲ್ಲಿ ಟೀವಿ ಇದೆ. ಮುಂಡರಗಿಯ ಗಿರಾಕಿಯೊಬ್ಬ ಬೇಸತ್ತು ಮಾರಿದ ಗೇಮಿನ ಪೆಟ್ಟಿಗೆಯನ್ನು ಈರಣ್ಣ ತಂದು ಆ ಟೀವಿಗೆ ಜೋಡಿಸಿದ. ನಾಲ್ಕು ದಿನ ಅವನು ಆಡಿದ, ತಾಯಿ ರೊಟ್ಟಿ ಬಡಿಯುತ್ತ ನೋಡಿದಳು. ಐದನೆಯ ದಿನ ಕೈ ಒರೆಸಿಕೊಂಡು ಬಂದು ಅವನ ಪಕ್ಕದಲ್ಲಿ ಕುಳಿತಳು.

"ತಾ ಇಲ್ಲೆ. ಆ ಹುಡುಗಿ ಬೀಳೂದ ನೋಡಾಕ ಆಗವಲ್ದು ನನಗ."

ಅಂದಿನಿಂದ ಅದು ಚಿಗವ್ವನ ಗೇಮ್ ಆಯಿತು. ಕೈಗೆತ್ತಿಕೊಳ್ಳುವ ಮೊದಲು ಅಭ್ಯಾಸಬಲದಿಂದ ಎರಡು ಬೆರಳನ್ನು ಬೂದಿಗೆ ಮುಟ್ಟಿಸುತ್ತಿದ್ದಳು. ಈರಣ್ಣ ಬೇಡವೆಂದು ಹೇಳಿ ಹೇಳಿ ಸೋತ.

ಆ ಗೇಮಿನ ಇಂಗ್ಲಿಷ್ ಹೆಸರು ಉದ್ದವಾಗಿತ್ತು. ನಮ್ಮ ಮನೆಯಲ್ಲಿ ಅದು 'ಹಗ್ಗದ ಹುಡುಗಿ'. ಸೊಂಟಕ್ಕೆ ಹಗ್ಗ ಸುತ್ತಿಕೊಂಡ ಹುಡುಗಿಯೊಬ್ಬಳು ದ್ವೀಪವೊಂದರ ಬಂಡೆಗಳನ್ನು ಹತ್ತುತ್ತ, ಶತ್ರುಗಳೊಡನೆ ಹೊಡೆದಾಡುತ್ತ, ಪಾಳುಬಿದ್ದ ಗುಡಿಗಳೊಳಗೆ ಇಳಿಯುತ್ತ, ಕಾಣೆಯಾದ ತನ್ನ ಗುರುವನ್ನು ಹುಡುಕುತ್ತಾಳೆ. ಹತ್ತಿದಂತೆಲ್ಲ ಹಗ್ಗ ಸವೆಯುತ್ತದೆ. ಸವೆದಾಗ ಬಂದರಿನ ಮೂಲೆಯಲ್ಲಿ ಕುಳಿತ ಒಬ್ಬ ಮುದುಕಿಯ ಬಳಿಗೆ ಮರಳಿ ಬರಬೇಕು. ಅವಳು ಹಗ್ಗದ ಹುರಿ ಬಿಚ್ಚಿ, ಹೊಸ ನಾರು ಸೇರಿಸಿ, ಮತ್ತೆ ಹೊಸೆದು ಕೊಡುತ್ತಾಳೆ. ಅದಕ್ಕೆ ಎರಡು ಮೂರು ನಿಮಿಷ ಹಿಡಿಯುತ್ತದೆ. ಯಾವ ಬಟನ್ ಒತ್ತಿದರೂ ಮುಂದಕ್ಕೆ ಹಾರಿಸಲು ಬರುವುದಿಲ್ಲ. ಹುಡುಗಿ ಅವಳ ಪಕ್ಕದಲ್ಲಿ ಸುಮ್ಮನೆ ಕುಳಿತಿರಬೇಕು. ಈರಣ್ಣ ಆ ಹೊತ್ತಿನಲ್ಲಿ ಎದ್ದು ಚಹಾ ಕುಡಿಯಲು ಹೋಗುತ್ತಿದ್ದ. ಚಿಗವ್ವ ಮಾತ್ರ ಮುಂದಕ್ಕೆ ಬಾಗಿ ಮುದುಕಿಯ ಬೆರಳುಗಳನ್ನೇ ನೋಡುತ್ತಿದ್ದಳು. "ಕೈ ಸ್ವಚ್ಛ ಐತಿ ಆಕಿದು," ಎಂದೊಮ್ಮೆ ಹೇಳಿದಳು. ಚಿಗವ್ವ ಹೀಗೆ ಹೊಗಳಿದ್ದನ್ನು ನಾನು ಹೆಚ್ಚು ಕೇಳಿಲ್ಲ.

ಇನ್ನು ನನ್ನ ವಿಷಯ. ನಾನು ಹುಲಕೋಟಿಯಲ್ಲಿ ಓದಿದವಳು, ಶಿರಹಟ್ಟಿಯಲ್ಲಿ ಪಾಠ ಹೇಳುವವಳು. ತಪ್ಪನ್ನು ಕಂಡು ಸುಮ್ಮನಿರುವುದು ಎರಡನೆಯ ತಪ್ಪು ಎಂದು ನಮ್ಮ ಮೇಷ್ಟ್ರು ಕಲಿಸಿದ್ದರು. ಅದನ್ನು ಈಗಲೂ ನಂಬುತ್ತೇನೆ. ನೂಲಿನ ಬೆಲೆ, ನೂಲಿಗೆ ಬಣ್ಣ ಹಾಕುವ ಮನೆಗಳ ಕೊಳಚೆ ನೀರು, ಬಸ್ಸಿನಲ್ಲಿ ಹೆಂಗಸರ ಸೀಟಿನ ಮೇಲೆ ಕಾಲು ಚಾಚುವ ಗಂಡಸರು, ಹೀಗೆ ನಾನು ಪತ್ರ ಬರೆಯದ ವಿಷಯವಿಲ್ಲ. ಚಿಗವ್ವನ ಗೇಮನ್ನೂ ಬಿಡಲಿಲ್ಲ. ನಾಯಕಿಯ ಅಂಗಿ ಕಾರಣವಿಲ್ಲದೆ ಹರಿದಿದೆ. ದ್ವೀಪದ ಜನರಿಗೆ ಹೆಸರಿಲ್ಲ, ಅವರು ಸಾಯಲಿಕ್ಕೆಂದೇ ಎದುರಾಗುತ್ತಾರೆ. ಗುಡಿಯ ಮೂರ್ತಿಯನ್ನು ಕಿತ್ತು ಚೀಲಕ್ಕೆ ಹಾಕಿಕೊಂಡರೆ ಅಂಕ ಸಿಗುತ್ತದೆ. ಜಿಂಕೆಗಳನ್ನು ಹೊತ್ತು ಕಳೆಯಲು ಕೊಲ್ಲಬಹುದು. ಇಂಥ ಹದಿನಾಲ್ಕು ಅಂಶಗಳನ್ನು ಬರೆದು ಕಂಪನಿಗೆ ಕಳುಹಿಸಿದೆ. ಉತ್ತರ ಬರಲಿಲ್ಲ.

ಕೆಲವು ವರ್ಷಗಳ ಮೇಲೆ ಎರಡನೆಯ ಭಾಗ ಬಂತು. ಅದನ್ನು ನಾನು ಎರಡು ಭಾನುವಾರ ಚಿಗವ್ವನ ಪಕ್ಕದಲ್ಲಿ ಕುಳಿತು ನೋಡಿದೆ. ನಾಯಕಿ ಚಳಿಗೆ ತಕ್ಕಂತೆ ಮೈತುಂಬ ಬಟ್ಟೆ ತೊಟ್ಟಿದ್ದಳು. ದ್ವೀಪದವರಿಗೆ ಹೆಸರು, ಮನೆ, ದೂರುಗಳು ಇದ್ದವು. ಮೂರ್ತಿಗಳನ್ನು ಮರಳಿ ಗುಡಿಗೆ ಮುಟ್ಟಿಸುವುದೇ ಕಥೆಯಾಗಿತ್ತು. ಜಿಂಕೆಗಳು ನಿಶ್ಚಿಂತವಾಗಿ ಮೇಯುತ್ತಿದ್ದವು. ನನ್ನ ಪತ್ರ ತಲುಪಿರಬೇಕೆಂದು ನಾನು ಎಲ್ಲರಿಗೂ ಹೇಳಿಕೊಳ್ಳಲಿಲ್ಲ. ಶಾಲೆಯಲ್ಲಿ ಇಬ್ಬರಿಗೆ ಮಾತ್ರ ಹೇಳಿದೆ.

ಮೂರನೆಯ ಭಾನುವಾರ ಮಧ್ಯಾಹ್ನ ಚುರುಮುರಿಯ ಗಿರಮಿಟ್ಟಿನ ತಟ್ಟೆಗಳ ಸುತ್ತ ವಾದ ಶುರುವಾಯಿತು. ಎರಡನೆಯದು ಮೊದಲನೆಯದರ ಸಮಕ್ಕೆ ನಿಲ್ಲುತ್ತದೆಯೋ ಇಲ್ಲವೋ?

"ಸಮ ಏನಕ್ಕಾ, ಅದರಪ್ಪ ಐತಿ ಇದು," ಎಂದ ಈರಣ್ಣ. "ಕುದುರಿ ಐತಿ, ದೋಣಿ ಐತಿ, ಊರು ಹತ್ತು ಪಟ್ಟು ದೊಡ್ಡದೈತಿ. ಮಳಿ ಬಂದ್ರ ಆಕಿ ಕೂದಲಾ ತೊಯ್ತಾವ, ನೋಡೀಯಿಲ್ಲೋ?"

"ಕೂದಲಾ ತೋಯಿಸಾಕ ಸಮುದ್ರದಾಚೆ ಯಾಕ ಹೋಗಬೇಕಲೇ," ಎಂದಳು ಚಿಗವ್ವ. "ನಳದ ಬುಡಕ ಕುಂಡ್ರಿಸಿದ್ರ ಆತು."

ನಾನು ಗಂಟಲು ಸರಿಮಾಡಿಕೊಂಡು ಕಾಲು ಗಂಟೆ ಮಾತಾಡಿದೆ. ಮೊದಲ ಭಾಗದ ಹದಿನಾಲ್ಕು ತಪ್ಪುಗಳಲ್ಲಿ ಹದಿಮೂರನ್ನು ತಿದ್ದಿರುವಾಗ ಅದು ಮೇಲಲ್ಲದೆ ಮತ್ತೇನು? ಕುದುರೆಗಾಗಿ ಒಪ್ಪುವ ಈರಣ್ಣನೂ ನ್ಯಾಯಕ್ಕಾಗಿ ಒಪ್ಪುವ ನಾನೂ ಒಂದೇ ಪಕ್ಷದಲ್ಲಿರುವುದು ನನಗೆ ಸ್ವಲ್ಪ ಇರುಸುಮುರುಸಾಗಿತ್ತು, ನಿಜ. ಚಿಗವ್ವ ಪೂರ್ತಿ ಕೇಳಿಸಿಕೊಂಡಳು.

"ನೀ ಹೇಳಿದ್ದೆಲ್ಲಾ ಖರೆ ಐತಿ. ಆದ್ರೂ ಮದಲಿನದ ಚಲೋ ಇತ್ತವಾ."

"ಹಂಗ ಅಂದ್ರ ನಡಿಯೂದಿಲ್ಲ, ಚಿಗವ್ವಾ. ಬಟ್ಟಿಟ್ಟು ತೋರಿಸು."

ಇದು ನಮ್ಮ ಮನೆತನದ ನಿಯಮ. ಸೀರೆಯನ್ನು ನೋಡಲು ಬಂದ ವ್ಯಾಪಾರಿ ಹಾಳಾಗಿದೆಯೆಂದು ಬರಿಯ ಮಾತಿನಲ್ಲಿ ಹೇಳುವಂತಿರಲಿಲ್ಲ. ಎಲ್ಲಿ ಹಾಳಾಗಿದೆಯೋ ಅಲ್ಲಿ ಬೆರಳಿಡಬೇಕು. ಇಡದಿದ್ದರೆ ಅವನ ಮಾತು ಮಾತಲ್ಲ.

ಚಿಗವ್ವ ಬೂದಿ ಮುಟ್ಟಿಕೊಂಡು ಕಂಟ್ರೋಲರ್ ಹಿಡಿದಳು. ಕುದುರೆ ಹತ್ತಿಸಲಿಲ್ಲ, ಹುಡುಗಿಯನ್ನು ಬೆಟ್ಟದಿಂದ ಇಳಿಸಿ, ಸೇತುವೆ ದಾಟಿಸಿ, ಸಂತೆಯ ನಡುವಿನಿಂದ ನಡೆಸಿಕೊಂಡೇ ಬಂದರಿನ ಆ ಮೂಲೆಗೆ ತಂದು ನಿಲ್ಲಿಸಿದಳು. ಅಲ್ಲಿ ಹೂವಿನ ಕುಂಡಗಳಿದ್ದವು. ಬಹಳ ಸುಂದರವಾದ ಹೂಗಳು, ಗಾಳಿಗೆ ಒಂದೊಂದು ದಳವೂ ಅಲುಗುತ್ತಿತ್ತು. ಚಿಗವ್ವ ಎದ್ದು ಹೋಗಿ ಟೀವಿಯ ಗಾಜಿನ ಮೇಲೆ ಬೆರಳಿಟ್ಟಳು.

"ಇಲ್ಲಿ ಕುಂಡ್ರತಿದ್ಲು ಆಕಿ."

ಬೆರಳು ತೆಗೆದಾಗ ಗಾಜಿನ ಮೇಲೆ ಬೂದಿಯ ಗುರುತು ಉಳಿಯಿತು.

"ಯವ್ವಾ, ಈಗ ಹಗ್ಗ ಸವಿಯೂದ ಇಲ್ಲ," ಎಂದ ಈರಣ್ಣ. "ಹರಿದ್ರ ಒಂದ ಬಟನ್, ತಾನ ಕೂಡ್ತತಿ. ಟೈಮ್ ಉಳೀತಲ್ಲ."

"ಯಾರ್ ಕೂಡಿಸ್ತಾರ?"

"ಯಾರೂ ಇಲ್ಲ. ತಾನ."

"ತಾನ ಕೂಡೂ ಹಗ್ಗ ನಾ ಎಲ್ಲೂ ನೋಡಿಲ್ಲಪಾ. ಹಳೇ ಹಾಸು ಕತ್ತರಿಸಿ ಒಗದು, ಹೊಸಾದು ಏರಿಸ್ಯಾರ. ಹೊಸಾದು ಚಂದ ಐತಿ, ನಾ ಇಲ್ಲ ಅನ್ನೂದಿಲ್ಲ. ಆದ್ರ ಕೆಚ್ಚಿಲ್ಲ."

ನನ್ನಲ್ಲಿ ಉತ್ತರ ಸಿದ್ಧವಾಗಿತ್ತು. ಆ ಮುದುಕಿ ನಾಯಕಿಗಾಗಿ ಬಿಟ್ಟಿ ದುಡಿಯುತ್ತಿದ್ದಳು. ಅವಳಿಗೆ ಹೆಸರಿರಲಿಲ್ಲ, ಕೂಲಿಯೂ ಇರಲಿಲ್ಲ. ಅಂಥ ದುಡಿಮೆಯನ್ನು ಸಹಜವೆಂಬಂತೆ ತೋರಿಸುವುದೇ ಅನ್ಯಾಯ. ನನ್ನ ಪತ್ರದ ಒಂಬತ್ತನೆಯ ಅಂಶವೇ ಅದಾಗಿತ್ತು. ಅವಳನ್ನು ತೆಗೆದದ್ದು ಒಂದು ತಿದ್ದುಪಡಿ. ನಾನು ಹೀಗೆಲ್ಲ ವಿವರಿಸಿದೆ.

ಚಿಗವ್ವ ಬಂದು ಮತ್ತೆ ನನ್ನ ಪಕ್ಕದಲ್ಲಿ ಕುಳಿತಳು.

"ಕೂಲಿ ಇಲ್ಲಂತ ಆಕಿನ್ನ ತಗದುಬಿಟ್ರೇನು? ಕೂಲಿ ಕೊಡಬೇಕಿತ್ತಲ್ಲವಾ."

ಈರಣ್ಣ ಗಿರಮಿಟ್ಟಿನ ತಟ್ಟೆಯಲ್ಲಿ ಮೆಣಸಿನಕಾಯಿ ಹುಡುಕತೊಡಗಿದ. ಮಾತು ಅಲ್ಲಿಗೆ ನಿಲ್ಲಬಹುದಿತ್ತು. ಆದರೆ ಅಂದು ನನ್ನ ಚೀಲದಲ್ಲಿ ಇನ್ನೊಂದು ಎರಡನೆಯ ಭಾಗವಿತ್ತು. ಓಣಿಯ ನೇಕಾರರಿಗೆ ಗುರುತಿನ ಚೀಟಿ ಕೊಡಬೇಕೆಂದು ಕೇಳುವ ಮನವಿಪತ್ರ. ಚೀಟಿ ಇದ್ದವರಿಗೆ ಕಣ್ಣಿನ ತಪಾಸಣೆ, ಚಿಕಿತ್ಸೆ ಉಚಿತ. ಹಿಂದೆ ಓಣಿಯ ಹಿರಿಯರು ಅರ್ಜಿ ಬರೆಯುವವನೊಬ್ಬನಿಂದ ಇಂಥದೇ ಪತ್ರ ಬರೆಸಿ ಕೊಟ್ಟಿದ್ದರು. ಅದು ಹೋದ ದಾರಿ ತಿಳಿಯಲಿಲ್ಲ. ವ್ಯಾಕರಣವಿಲ್ಲದ, ಒಂದೇ ಮಾತನ್ನು ಮೂರು ಸಲ ಹೇಳಿದ ಆ ಪತ್ರವನ್ನು ನಾನು ಹೊಸದಾಗಿ ಬರೆದಿದ್ದೆ. ಮರುದಿನ ಸಲ್ಲಿಸಬೇಕಿತ್ತು. ಚಿಗವ್ವನ ಸಹಿಯೊಂದು ಬಾಕಿ ಇತ್ತು. ಅವಳು ನಾಲ್ಕನೆಯ ಇಯತ್ತೆಯವರೆಗೆ ಓದಿದವಳು. ಕನ್ನಡಕ ಹಾಕಿಕೊಂಡು, ಸಾಲಿನ ಕೆಳಗೆ ಬೆರಳು ಸರಿಸುತ್ತ ಎರಡು ಪುಟ ಓದಿದಳು.

"ಭಾಳ ಚಂದ ಬರದೀ. ಇದರಾಗ ನಾ ಎಲ್ಲಿ ಅದೀನಿ?"

"ಇಲ್ಲಿ, ಚಿಗವ್ವಾ. 'ನೇಕಾರ ಕುಟುಂಬದ ಇತರ ಸದಸ್ಯರು.'"

"ಮದಲಿನ ಅರ್ಜಿಯೊಳಗ ಹಂಗ ಇದ್ದಿಲ್ಲ. ನಿಮ್ಮ ಕಾಕಾ ನನಗ ಓದಿ ತೋರಿಸಿದ್ರು. ಏಳನೇ ಸಾಲಿನ್ಯಾಗ 'ಹಾಸು ಕೆಚ್ಚುವ ಹೆಣ್ಣುಮಕ್ಕಳು' ಅಂತ ಇತ್ತು."

ಇತ್ತು. ಅದನ್ನು ತೆಗೆದವಳು ನಾನು. ಕಚೇರಿಯ ನಮೂನೆಯಲ್ಲಿ ಅಂಥ ವೃತ್ತಿಯ ಹೆಸರಿಲ್ಲ, ಮಗ್ಗದ ಸಂಖ್ಯೆ ಇಲ್ಲದವರನ್ನು ಸೇರಿಸಿದರೆ ಎಲ್ಲರ ಬೇಡಿಕೆಯೂ ಸಡಿಲಾಗುತ್ತದೆ ಎಂದು ಆಗ ನನಗೆ ಅನಿಸಿತ್ತು. ಇಷ್ಟನ್ನೂ ಅವಳಿಗೆ ಹೇಳಿದೆ. ಸರಿಯಾದ ವಾಕ್ಯಗಳಲ್ಲಿಯೇ ಹೇಳಿದೆ. ಅವಳು ಸಹಿ ಮಾಡಿ ಪೆನ್ನು ಮರಳಿಸಿದಳು.

ಇಲ್ಲಿ ನಾನು ಆ ಪತ್ರವನ್ನು ಹರಿದು ಹೊಸದಾಗಿ ಬರೆದೆನೆಂದು ಹೇಳಬೇಕೆಂದು ಆಸೆಯಾಗುತ್ತದೆ. ಬರೆಯಲಿಲ್ಲ. ಓಣಿಯವರ ಸಹಿಗಳೆಲ್ಲ ಬಿದ್ದಿದ್ದವು, ಮರುದಿನವೇ ಕೊನೆಯ ದಿನವಾಗಿತ್ತು. ಇದ್ದಂತೆಯೇ ಸಲ್ಲಿಸಿ ಶಿರಹಟ್ಟಿಯ ಬಸ್ಸು ಹತ್ತಿದೆ. ಮನವಿ ಫಲಿಸಿತು. ಮಗ್ಗವಿದ್ದವರಿಗೆಲ್ಲ ಚೀಟಿ ಬಂತು. ಓಣಿಯವರು ನನಗೆ ಶಾಲು ಹೊದಿಸಿದರು, ನಾನು ಹೊದಿಸಿಕೊಂಡೆ. ಚಿಗವ್ವನಿಗೂ, ಅವಳಂತೆ ಕೆಚ್ಚುತ್ತಿದ್ದ ಉಳಿದ ಹೆಂಗಸರಿಗೂ ಚೀಟಿ ಬರಲಿಲ್ಲ. ಕಣ್ಣಿನ ತಪಾಸಣೆಯ ದಿನ ಓಣಿಯ ಗಂಡಸರು ಸಾಲಾಗಿ ವ್ಯಾನು ಹತ್ತಿದರು. ಅವರ ಎಳೆಗಳನ್ನು ಕೂಡಿಸಿ ಕಣ್ಣು ಕಳೆದುಕೊಂಡವರು ಕಟ್ಟೆಯ ಮೇಲೆ ಕುಳಿತು ಅವರನ್ನು ಬೀಳ್ಕೊಟ್ಟರು. ಚಿಗವ್ವ ಗೇಮಿನ ಎರಡನೆಯ ಭಾಗವನ್ನು ಮತ್ತೆ ಆಡಲಿಲ್ಲ, ಮೊದಲನೆಯದನ್ನೇ ಆಡುತ್ತಿದ್ದಳು. ಕಣ್ಣು ಮಸಕಾದಂತೆ ಟೀವಿಯ ಸಮೀಪಕ್ಕೆ ಸರಿಯುತ್ತ ಹೋದಳು. ಈಗ ಮೊಳದಷ್ಟೇ ದೂರ ಉಳಿದಿದೆ.

ಊರಿನ ತಪ್ಪುಗಳನ್ನೆಲ್ಲ ಹೆಸರು ಹಿಡಿದು ಕರೆದವಳು ನಾನು. ಆದ್ದರಿಂದ ಇದನ್ನೂ ಹೆಸರಿಸುತ್ತೇನೆ: ಅನ್ಯಾಯವಾಗಿ ದುಡಿಯುತ್ತಿದ್ದವಳಿಗೆ ನ್ಯಾಯ ಕೊಡುವ ಬದಲು ಅವಳನ್ನೇ ಸಾಲಿನಿಂದ ತೆಗೆದು, ಅದನ್ನು ತಿದ್ದುಪಡಿ ಎಂದೆ. ಎರಡು ಸಲ ಎಂದೆ, ಒಂದೇ ಭಾನುವಾರ.

ಈಗ ಗೇಮಿನ ಮೂರನೆಯ ಭಾಗ ಬರುತ್ತಿದೆ. ಅದಕ್ಕಾಗಿಯೇ ಈರಣ್ಣ ಹಳೆಯ ಕಂಟ್ರೋಲರ್ ಬಿಚ್ಚಿದ್ದು. ಅದು ಹೇಗಿರಬಹುದೆಂದು ಅವನು ಕೇಳಿದ. ಬಂದರಿಗೆ ಹೋಗಿ ನೋಡುವ ಮೊದಲು ಏನನ್ನೂ ಹೇಳಲಾರೆ ಎಂದೆ. "ಅಕ್ಕಾರ ಬಾಯಾಗ ಇಂಥಾ ಮಾತು," ಎಂದು ಅವನು ನಕ್ಕ.

ನನ್ನ ಚೀಲದಲ್ಲಿಯೂ ಮೂರನೆಯ ಮನವಿಯೊಂದಿತ್ತು. ಈ ಸಲ ಹಿರಿಯರ ಆ ಹಳೆಯ ಅರ್ಜಿಯ ಪ್ರತಿಯನ್ನು ಹುಡುಕಿ ತೆಗೆದು, ಪಕ್ಕದಲ್ಲಿಟ್ಟುಕೊಂಡು ಬರೆದಿದ್ದೆ. ಹಳೆಯ ಒಂದು ಸಾಲು, ಅದಕ್ಕೆ ಹೊಂದಿಕೊಂಡು ಹೊಸದೊಂದು ಸಾಲು. ಹಾಸು ಕೆಚ್ಚುವ ಹೆಣ್ಣುಮಕ್ಕಳನ್ನು ಎಲ್ಲಕ್ಕಿಂತ ಮೇಲೆ, ಮೊದಲನೆಯ ಸಾಲಿನಲ್ಲಿಯೇ, ದಪ್ಪ ಅಕ್ಷರದಲ್ಲಿ ಇಟ್ಟಿದ್ದೆ. ಚಿಗವ್ವನಿಗೆ ಈಗ ಅಕ್ಷರ ಕಾಣುವುದಿಲ್ಲವಾದ್ದರಿಂದ ಗಟ್ಟಿಯಾಗಿ ಓದತೊಡಗಿದೆ. ಮೊದಲನೆಯ ಸಾಲಿಗೇ ತಡೆದಳು.

"ಅಲ್ಲಿ ಬ್ಯಾಡ. ಏಳನೇದಕ್ಕ ಇತ್ತು, ಅಲ್ಲೇ ಇಡು."

"ಮೇಲಿದ್ರ ಕಾಣ್ತತಿ, ಚಿಗವ್ವಾ. ಸಾಹೇಬರು ಮೊದಲ ಅದನ್ನ ನೋಡ್ಲಿ."

"ಕೆಚ್ಚಿದ್ದು ಕಾಣಬಾರದವಾ. ಹರೀಬಾರದು, ಅಷ್ಟ."

ಹಾಳೆಯನ್ನು ತೊಡೆಯ ಮೇಲಿಟ್ಟುಕೊಂಡು ತಿದ್ದಿದೆ. ಈರಣ್ಣ ಪತ್ರಿಕೆಯ ಹಾಳೆಯಲ್ಲಿದ್ದ ಬೂದಿಯನ್ನು ಚೆಲ್ಲದೆ, ಮಡಚಿ ಗೂಡಿನಲ್ಲಿಟ್ಟ. ಮತ್ತೆ ಮೊದಲಿನಿಂದ ಓದಿದೆ. ಏಳನೆಯ ಸಾಲು ಬಂದಾಗ ನನ್ನ ದನಿ ತಾನಾಗಿ ನಿಧಾನವಾಯಿತು. ಚಿಗವ್ವ ತಲೆ ಎತ್ತಲಿಲ್ಲ.

"ಹೂಂ," ಎಂದಳು. "ಎಂಟನೇದು ಓದು."